ನೀಲಿ ದಾರದ ಡಬ್ಬಿ, ಹಳದಿ ದಾರದ ಡಬ್ಬಿ

ಇಡೀ ಸರ್ವೀಸಿನಲ್ಲಿ ನನಗೆ ಸಿಕ್ಕಿದ್ದು ಒಂದೇ ಒಂದು ಪ್ರಶಂಸಾ ಪತ್ರ. ಅದರಲ್ಲಿ ನನ್ನ ಹೆಸರೊಂದನ್ನು ಬಿಟ್ಟರೆ ಮತ್ತೆಲ್ಲ ಸುಳ್ಳು. 'ಸಾಸ್ವೆಹಳ್ಳಿಯ ಅಧ್ಯಯನದಲ್ಲಿ ಶ್ರೀ ಚಿಕ್ಕಹನುಮಂತಪ್ಪನವರು ನಿಯಮಗಳನ್ನು ಅಕ್ಷರಶಃ ಪಾಲಿಸಿ, ಎಂಬತ್ತು ಮಂದಿ ಗರ್ಭಿಣಿಯರಿಗೆ ಅವರವರ ಪಾಲಿನ ಮಾತ್ರೆ ತಪ್ಪದೆ ಸೇರುವಂತೆ ನೋಡಿಕೊಂಡಿದ್ದಾರೆ' ಎಂದಿದೆ. ಆ ಕಾಗದದ ಬಲದಿಂದಲೇ ನನ್ನ ತಾತ್ಕಾಲಿಕ ನೌಕರಿ ಕಾಯಂ ಆಯಿತು. ಹಾಗಾಗಿ ಅದನ್ನು ಹರಿದು ಹಾಕುವಷ್ಟು ಸಿಟ್ಟು ನನಗೆ ಯಾವತ್ತೂ ಬಂದಿಲ್ಲ. ನನ್ನ ಸಿಟ್ಟೆಲ್ಲ ಬೇರೆಯವರ ಮೇಲೆ.

ಎಪ್ಪತ್ತೇಳನೇ ಇಸವಿ. ನಾನು ನ್ಯಾಮತಿ ಕೇರಿಯವನು. ಬಿ.ಎಸ್ಸಿ.ಯಲ್ಲಿ ಸಂಖ್ಯಾಶಾಸ್ತ್ರ ಓದಿ, ಓದಿದ್ದು ಯಾತಕ್ಕೆ ಬರುತ್ತದೆಂದು ಯಾರಿಗೂ ಗೊತ್ತಿಲ್ಲದೆ ಎರಡು ವರ್ಷ ಸುಮ್ಮನೆ ಕೂತಿದ್ದೆ. ಆಗ ಆರೋಗ್ಯ ಇಲಾಖೆಯ ಡಾಕ್ಟರ್ ಮುರುಗೇಶಪ್ಪ ತಮ್ಮ ಅಧ್ಯಯನದ ಲೆಕ್ಕ ನೋಡಿಕೊಳ್ಳಲು ನನ್ನನ್ನು ಕರೆಸಿಕೊಂಡರು. ಅವರು ಚನ್ನಗಿರಿಯ ಅಡಿಕೆ ವ್ಯಾಪಾರದ ಮನೆಯವರು. ಅವರಪ್ಪ ಅಡಿಕೆ ಕೊಳ್ಳುವಾಗ ಚೀಲದ ಮೇಲಿನ ಅಡಿಕೆಯ ಕಡೆ ನೋಡುತ್ತಲೇ ಇರಲಿಲ್ಲವಂತೆ. ಕಣ್ಣು ಮುಚ್ಚಿ ಚೀಲದ ಹೊಟ್ಟೆಗೆ ಕೈ ಹಾಕಿ, ಒಂದು ಹಿಡಿ ತೆಗೆದು, ಅದನ್ನು ನೋಡಿ ಬೆಲೆ ಕಟ್ಟುತ್ತಿದ್ದರಂತೆ. 'ನಾನು ಲಂಡನ್ನಿಗೆ ಹೋಗಿ ಎರಡು ವರ್ಷ ಕಲಿತದ್ದೂ ಅದನ್ನೇ' ಎಂದು ಡಾಕ್ಟರು ನಗುತ್ತಿದ್ದರು. ಒಳ್ಳೆಯ ಮನುಷ್ಯ. ಪುಸ್ತಕದಲ್ಲಿದ್ದಷ್ಟು ಒಳ್ಳೆಯವರು.

ಅವರು ಕೇಳಿದ ಪ್ರಶ್ನೆ ಸರಳವಾಗಿತ್ತು. ಬಸುರಿಯರಿಗೆ ಸರ್ಕಾರ ಕೊಡುವ ಕೆಂಪು ಕಬ್ಬಿಣಾಂಶದ ಮಾತ್ರೆಯಿಂದ ನಿಜವಾಗಿಯೂ ರಕ್ತ ಹೆಚ್ಚುತ್ತದೆಯೇ, ಇಲ್ಲವೇ. ಅದನ್ನು ತಿಳಿಯಲು ಅರ್ಧ ಜನಕ್ಕೆ ಕಬ್ಬಿಣದ ಮಾತ್ರೆ, ಇನ್ನರ್ಧ ಜನಕ್ಕೆ ಅದೇ ಬಣ್ಣ, ಅದೇ ಗಾತ್ರದ ಹಿಟ್ಟಿನ ಮಾತ್ರೆ. ಒಂದು ಡಬ್ಬಿಯ ಕುತ್ತಿಗೆಗೆ ನೀಲಿ ದಾರ, ಇನ್ನೊಂದಕ್ಕೆ ಹಳದಿ ದಾರ. ಯಾವುದರಲ್ಲಿ ಏನಿದೆ ಎನ್ನುವುದು ಬೆಂಗಳೂರಿನ ಒಂದು ಬೀರುವಿನಲ್ಲಿ ಅರಗಿನ ಮುದ್ರೆ ಒತ್ತಿದ ಲಕೋಟೆಯಲ್ಲಿತ್ತು. ಡಾಕ್ಟರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಗೊತ್ತಿದ್ದರೆ ಮುಖ ನೋಡಿ ಕೊಡುತ್ತೇವೆ, ಮುಖ ನೋಡಿ ಕೊಟ್ಟರೆ ಅದು ದಾನವಾಗುತ್ತದೆಯೇ ಹೊರತು ವಿಜ್ಞಾನವಾಗುವುದಿಲ್ಲ ಎಂದು ಡಾಕ್ಟರು ಹೇಳುತ್ತಿದ್ದರು.

ಬಸುರಿಯರನ್ನು ಜೋಡಿ ಜೋಡಿಯಾಗಿ ಬರೆದುಕೊಳ್ಳಬೇಕು. ಲಂಡನ್ನಿನಿಂದ ತಂದ ಅಂಕಿಗಳ ಪುಸ್ತಕ ತೆರೆಯಬೇಕು. ಅದರಲ್ಲಿ ತಲೆಬುಡವಿಲ್ಲದ ಅಂಕಿಗಳು ಪುಟ ತುಂಬ ಇದ್ದವು. ಸಮಸಂಖ್ಯೆ ಬಂದರೆ ಮೊದಲ ಹೆಸರಿಗೆ ನೀಲಿ, ಬೆಸಸಂಖ್ಯೆ ಬಂದರೆ ಹಳದಿ. ಉಳಿದದ್ದು ಜೋಡಿಯ ಇನ್ನೊಬ್ಬಳಿಗೆ. ಊರವರು ಇದಕ್ಕೆ ತಕರಾರು ಮಾಡುತ್ತಾರೆಂದು ಡಾಕ್ಟರು ಹೆದರಿದ್ದರು. ಯಾರೂ ಮಾಡಲಿಲ್ಲ. ದೇವರ ಮುಂದೆ ಕೂತು ಹೂ ಬಲಕ್ಕೆ ಬೀಳುತ್ತದೋ ಎಡಕ್ಕೆ ಬೀಳುತ್ತದೋ ಎಂದು ಕಾಯುವ ಜನಕ್ಕೆ ಇದರಲ್ಲಿ ಹೊಸದೇನೂ ಕಾಣಲಿಲ್ಲ.

ಮಾತ್ರೆ ನುಂಗಿಸುವ ಕೆಲಸಕ್ಕೆ ಡಾಕ್ಟರು ಸೂಲಗಿತ್ತಿ ಅಂತರಘಟ್ಟಮ್ಮನನ್ನು ಗೊತ್ತು ಮಾಡಿದರು. ಸಾಸ್ವೆಹಳ್ಳಿಯ ಕೇರಿಯವಳು, ಅರವತ್ತರ ಹತ್ತಿರದ ವಯಸ್ಸು. ಊರಿನ ಅರ್ಧ ಜನ ಮೊದಲು ಬಿದ್ದದ್ದು ಅವಳ ಕೈಗೆ. ಹೆರಿಗೆಯ ಹೊತ್ತಿನಲ್ಲಿ ಅವಳು ದೊಡ್ಡ ಮನೆಗಳ ಒಳಕೋಣೆವರೆಗೂ ಹೋಗಬಹುದಿತ್ತು. ತೊಟ್ಟಿಲಿಗೆ ಹಾಕುವ ದಿನದ ಊಟಕ್ಕೆ ಮಾತ್ರ ಅವಳ ಎಲೆ ಕೊಟ್ಟಿಗೆಯ ಪಕ್ಕ. ಅವಳಿಗೆ ಓದು ಬರುತ್ತಿರಲಿಲ್ಲ, ದಾರದ ಉಪಾಯ ಅದಕ್ಕೇ. ಯಾರು ಯಾವ ಬಣ್ಣ ಎಂದು ಡಾಕ್ಟರು ಪರೀಕ್ಷೆ ಮಾಡಿದಾಗ ಮೊದಲ ತಂಡದ ಹದಿನಾರು ಹೆಸರನ್ನೂ ಒಂದೂ ತಪ್ಪದೆ ಹೇಳಿದಳು. ಅವರು ನನ್ನ ಕಡೆ ತಿರುಗಿ, 'ನೋಡಿ, ಇಂಥವರು ಬೇಕು' ಎಂದರು.

ಭಾನುವಾರ ಬಿಟ್ಟು ದಿನಕ್ಕೊಂದು ಮಾತ್ರೆ, ಅವಳ ಕಣ್ಣೆದುರೇ ನುಂಗಬೇಕು. ಪ್ರತಿ ಶನಿವಾರ ನಾನು ಹೊನ್ನಾಳಿಯಿಂದ ಬಸ್ಸಿನಲ್ಲಿ ಬಂದು ಎರಡೂ ಡಬ್ಬಿಗಳಲ್ಲಿ ಉಳಿದ ಮಾತ್ರೆ ಎಣಿಸಿ ರಿಜಿಸ್ಟರಿಗೆ ಸಹಿ ಹಾಕುತ್ತಿದ್ದೆ. ಎಂಬತ್ತು ಜನರನ್ನು ಐದು ತಂಡ ಮಾಡಿದ್ದೆವು, ಒಂದು ಸಲಕ್ಕೆ ನೀಲಿಯವರು ಎಂಟು, ಹಳದಿಯವರು ಎಂಟು. ವಾರಕ್ಕೆ ನೀಲಿ ಡಬ್ಬಿಯಿಂದ ನಲವತ್ತೆಂಟು, ಹಳದಿಯಿಂದ ನಲವತ್ತೆಂಟು ಹೋಗಿರಬೇಕು. ಒಂದೂವರೆ ವರ್ಷದಲ್ಲಿ ಒಂದೇ ಒಂದು ಮಾತ್ರೆ ಹೆಚ್ಚುಕಡಿಮೆಯಾಗಲಿಲ್ಲ. ಇಂಥ ಶಿಸ್ತು ಲಂಡನ್ನಿನಲ್ಲೂ ನೋಡಿಲ್ಲ ಎಂದು ಡಾಕ್ಟರು ಊರೆಲ್ಲ ಹೇಳಿಕೊಂಡು ತಿರುಗಿದರು.

ನನ್ನ ತಂಗಿ ಭೀಮಕ್ಕನನ್ನು ಸಾಸ್ವೆಹಳ್ಳಿಗೇ ಕೊಟ್ಟಿತ್ತು. ಎರಡು ಮಕ್ಕಳು ಹೊಟ್ಟೆಯಲ್ಲೇ ಹೋಗಿದ್ದವು. ಎರಡನೆಯದರಲ್ಲಿ ಅವಳೂ ಹೋಗಿಬಂದಂತೆಯೇ ಆಗಿತ್ತು. ಮೂರನೆಯ ಸಲ ಬಸುರಾದಾಗ ನಾನೇ ಅವಳ ಬೆರಳು ಚುಚ್ಚಿ ರಕ್ತ ತೆಗೆದೆ. ಹಿಮೋಗ್ಲೋಬಿನ್ ಹನ್ನೊಂದು ಗ್ರಾಂ ಇರಬೇಕಾದ ಕಡೆ ಆರೂವರೆ ಇತ್ತು. ಈ ಸಲ ಇವಳು ಉಳಿಯುವುದಿಲ್ಲ ಎಂಬ ಹೆದರಿಕೆ ಅವತ್ತಿನಿಂದ ನನ್ನಲ್ಲಿ ಕೂತುಬಿಟ್ಟಿತು.

ಪಟ್ಟಿಯಲ್ಲಿ ಅವಳ ಜೋಡಿಯಾಗಿ ಬಂದವಳು ಶಿವಗಂಗಮ್ಮ, ಊರಿನ ದೊಡ್ಡ ಅಡಿಕೆ ತೋಟದ ಬಸವರಾಜಪ್ಪನ ಸೊಸೆ. ಪುಸ್ತಕ ತೆರೆದೆ. ಏಳು ಬಂತು. ಭೀಮಕ್ಕನಿಗೆ ಹಳದಿ, ಶಿವಗಂಗಮ್ಮನಿಗೆ ನೀಲಿ. ಆ ಏಳನ್ನು ಎಂಟು ಎಂದು ಬರೆದುಕೊಳ್ಳಲು ನನ್ನನ್ನು ತಡೆಯುವವರು ಯಾರೂ ಇರಲಿಲ್ಲ. ಆದರೆ ಏಳು ಒಳ್ಳೆಯದೋ ಎಂಟು ಒಳ್ಳೆಯದೋ ನನಗೆ ಗೊತ್ತಿರಲಿಲ್ಲ. ಅವತ್ತು ನಾನು ಪ್ರಾಮಾಣಿಕನಾಗಿ ಉಳಿದದ್ದಕ್ಕೆ ಇಷ್ಟೇ ಕಾರಣ.

ಆಸ್ಪತ್ರೆಯ ಕಾಂಪೌಂಡರು ಒಂದು ಗುಟ್ಟು ಹೇಳಿಕೊಟ್ಟ. ಕಬ್ಬಿಣದ ಮಾತ್ರೆ ತಿಂದವರಿಗೆ ಮಲ ಕಪ್ಪಾಗುತ್ತದಂತೆ. ಈ ಪ್ರಶ್ನೆಯನ್ನು ಯಾರನ್ನೂ ಕೇಳಕೂಡದೆಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ಆದರೂ ಕೇಳಿದೆ. ಅಣ್ಣನಾದವನು ತಂಗಿಯನ್ನು ಇದನ್ನು ಕೇಳುವುದೆಂದರೆ ಏನು ಪಾಡು ಎಂದು ಕೇಳಿದವನಿಗೇ ಗೊತ್ತು. ಸರ್ಕಾರದ ಫಾರಂನಲ್ಲಿ ಇದೆ ಎಂದು ಸುಳ್ಳು ಹೇಳಿ, ಗೋಡೆಯ ಕಡೆ ನೋಡುತ್ತ ಕೇಳಿದೆ.

"ಕರ್ರಗೆ ಆಗ್ತೈತೆ ಕಣಣ್ಣಾ. ಯಾಕೆ, ಏನಾರ ಆಗ್ತೈತಾ?" ಎಂದಳು ಗಾಬರಿಯಲ್ಲಿ.

"ಏನೂ ಆಗಲ್ಲ. ಒಳ್ಳೇದೇ" ಎಂದು ಹೊರಗೆ ಬಂದೆ. ಹಳದಿಯೇ ಕಬ್ಬಿಣ. ನನ್ನ ತಂಗಿ ಬದುಕುತ್ತಾಳೆ. ಬಸ್ಸಿನಲ್ಲಿ ಕೂತು ಅತ್ತೆ. ಪಕ್ಕದಲ್ಲಿದ್ದವನು ಯಾರೋ ತೀರಿಕೊಂಡಿದ್ದಾರೆಂದು ತಿಳಿದು ನನಗೆ ಎಲೆ ಅಡಿಕೆ ಕೊಟ್ಟ.

ಆಮೇಲೆ ನನ್ನ ಪ್ರಾಮಾಣಿಕತೆಗೆ ಕೊಂಬು ಮೂಡಿತು. ಒಂದು ಶನಿವಾರ ಅಂತರಘಟ್ಟಮ್ಮನ ಮನೆಮುಂದೆ ಮಾತ್ರೆ ಎಣಿಸುತ್ತ ಕೂತಿದ್ದಾಗ ಬಸವರಾಜಪ್ಪ ಕೇರಿಯ ತನಕ ನಡೆದು ಬಂದರು. ಆವರೆಗೆ ನನ್ನನ್ನು 'ಲೇ' ಬಿಟ್ಟು ಬೇರೆ ಕರೆದವರಲ್ಲ.

"ಹನುಮಂತಪ್ಪನೋರೇ, ಎರಡರಾಗೆ ಯಾವ್ದು ಖರೇ ಔಷಧಿ ಅಂತ ನಿಮಗೆ ಗೊತ್ತಿರ್ತೈತೆ. ಅದನ್ನ ನಮ್ಮ ಸೊಸೆಗೆ ಕೊಡಾಕೆ ಹೇಳ್ರಿ. ಬೇರೆಯೋರ ಸುದ್ದಿ ನನಗೆ ಬ್ಯಾಡ" ಎಂದರು.

ಅವರ ಸೊಸೆ ಹಿಟ್ಟು ನುಂಗುತ್ತಿದ್ದಾಳೆ, ನನ್ನ ತಂಗಿ ಔಷಧಿ ನುಂಗುತ್ತಿದ್ದಾಳೆ ಎಂದು ನಾನು ಆಗ ಖಂಡಿತವಾಗಿ ನಂಬಿದ್ದೆ. ನಿಧಾನವಾಗಿ ರಿಜಿಸ್ಟರು ಮುಚ್ಚಿ, "ಪುಸ್ತಕದಾಗೆ ಬಂದಂಗೆ ಕೊಡಾದು ಗೌಡ್ರೇ. ಮುಖ ನೋಡಿ ಕೊಡಾಕೆ ಬರಲ್ಲ. ಇದು ವಿಜ್ಞಾನ" ಎಂದೆ. ನನ್ನ ಅಪ್ಪ, ಅಜ್ಜ ಯಾರೂ ಆಡದ ಮಾತು ಅದು. ಹೇಳಿದಾಗ ಎಷ್ಟು ಸುಖವಾಯಿತೆಂದರೆ ಆ ಸುಖ ಈಗಲೂ ನೆನಪಿದೆ. ಅಂತರಘಟ್ಟಮ್ಮ ಬಾಗಿಲಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದಳು.

ಭೀಮಕ್ಕನಿಗೆ ಹೆಣ್ಣು ಮಗು ಹುಟ್ಟಿತು. ತಾಯಿ, ಮಗು ಇಬ್ಬರೂ ಗಟ್ಟಿಯಾಗಿದ್ದರು. ರಕ್ತ ಒಂಬತ್ತರ ಹತ್ತಿರಕ್ಕೆ ಏರಿತ್ತು. ಶಿವಗಂಗಮ್ಮನಿಗೂ ಸುಖವಾಗಿ ಹೆರಿಗೆಯಾಯಿತು.

ಎಪ್ಪತ್ತೆಂಟರ ಕೊನೆಯಲ್ಲಿ ಎಂಬತ್ತು ಜನರ ಲೆಕ್ಕ ಮುಗಿಯಿತು. ಡಾಕ್ಟರು ಹಿಡಿಕೆ ತಿರುಗಿಸುವ ಲೆಕ್ಕದ ಮಿಷನ್ ಇಟ್ಟುಕೊಂಡು ಎರಡು ದಿನ ಕೂತರು. ನೀಲಿಯವರ ರಕ್ತ ಏರಿತ್ತು. ಹಳದಿಯವರದೂ ಅಷ್ಟೇ ಏರಿತ್ತು. ವ್ಯತ್ಯಾಸ ಸೊನ್ನೆಗೆ ಸಮ. ಲಕೋಟೆ ಒಡೆದು ಓದಿದರು. "ನೀಲಿ ಕಬ್ಬಿಣ, ಹಳದಿ ಹಿಟ್ಟು."

ಹಿಟ್ಟು ತಿಂದವಳಿಗೆ ಕಪ್ಪಾದದ್ದು ಹೇಗೆ? ಮಾರನೇ ದಿನವೇ ಸಾಸ್ವೆಹಳ್ಳಿಗೆ ಓಡಿದೆ. ಅಂತರಘಟ್ಟಮ್ಮನನ್ನು ಕೇಳಿದ್ದಕ್ಕೆ ಅವಳು ಮುಚ್ಚುಮರೆ ಏನೂ ಮಾಡಲಿಲ್ಲ.

"ಸೋಮವಾರ ಎಲ್ರಿಗೂ ನೀಲಿ ಡಬ್ಬಿದು, ಮಂಗಳವಾರ ಎಲ್ರಿಗೂ ಹಳದಿದು. ಬುಧವಾರ ಮತ್ತೆ ನೀಲಿ. ಹಂಗೇ ಕೊಟ್ಟೆ. ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಮ್ಮಿ ಇಲ್ಲ."

ಲೆಕ್ಕ ಹಾಕಿದೆ. ಎಂಟು ಜನಕ್ಕೆ ಆರು ದಿನ ಎಂದರೂ ನಲವತ್ತೆಂಟು, ಹದಿನಾರು ಜನಕ್ಕೆ ಮೂರು ದಿನ ಎಂದರೂ ನಲವತ್ತೆಂಟು. ಸಂಖ್ಯಾಶಾಸ್ತ್ರ ಓದಿದವನು ನಾನು.

"ಹಂಗೆ ಮಾಡಾಕೆ ನಿನಗೆ ಹೇಳಿದ್ಯಾರಜ್ಜಿ?"

"ಒಂದರಾಗೆ ಔಷಧಿ, ಒಂದರಾಗೆ ಹಿಟ್ಟು, ಯಾವುದ್ರಾಗೆ ಏನೈತೆ ಅಂತ ಡಾಕ್ಟ್ರಿಗೂ ಗೊತ್ತಿಲ್ಲ ಅಂದ್ರಿ. ಗೊತ್ತಿಲ್ಲದ ಮ್ಯಾಲೆ ಎಲ್ರಿಗೂ ಎರಡೂ ಕೊಡಾದಲ್ಲೇನಪ್ಪ? ಜೀವಮಾನೆಲ್ಲ ನನಗೆ ಬ್ಯಾರೆ ಕಡೆ ಎಲೆ ಹಾಕಿದ್ರು. ಸೌಟು ನನ್ನ ಕೈಗೆ ಬಂದಾಗ ನಾನೂ ಪಂಕ್ತಿಭೇದ ಮಾಡ್ಲಾ? ಬಸವರಾಜಪ್ಪನ ಸೊಸೆಗೂ ಮಾಡಲಿಲ್ಲ, ನಿನ್ನ ತಂಗಿಗೂ ಮಾಡಲಿಲ್ಲ."

"ನನಗೆ ಒಂದು ಮಾತು ಹೇಳಬಾರದಿತ್ತಾ?"

"ನೀನು ಕೇಳಲಿಲ್ಲ. ಡಬ್ಬಿ ಎಣಿಸ್ದಿ, ಸರಿ ಐತೆ ಅಂದಿ, ಸಹಿ ಹಾಕ್ದಿ."

ನಾನು ಡಾಕ್ಟರ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದೆ. ಈ ಒಂದು ಕೆಲಸ ಮಾಡಿದೆನೆಂಬ ಸಮಾಧಾನ ನನಗಿದೆ. ಅವರು ರಿಜಿಸ್ಟರು ತೆಗೆದು ನನ್ನ ಮುಂದಿಟ್ಟರು. ಎಪ್ಪತ್ತೆಂಟು ಶನಿವಾರ, ಎಪ್ಪತ್ತೆಂಟು ಸಹಿ, ಎಲ್ಲವೂ ನನ್ನವೇ.

"ಇದು ಬರೆದಿಟ್ಟದ್ದು, ಹನುಮಂತಪ್ಪ. ಅದು ಮುದುಕಿಯ ಬಾಯಿಮಾತು. ಅಲ್ಲದೆ ನಿಯಮ ಒಂದಿದೆ. ಯಾರ ಪಾಲಿಗೆ ಏನು ಬಂತೋ ಅದರ ಪ್ರಕಾರವೇ ಲೆಕ್ಕ ಮಾಡಬೇಕು, ಯಾರು ಏನು ತಿಂದರು ಅಂತ ನೋಡಿ ಅಲ್ಲ. ತಿಂದದ್ದನ್ನ ಹುಡುಕ್ತಾ ಹೋದರೆ ನಮಗೆ ಬೇಕಾದ ಉತ್ತರ ಸಿಗೋ ತನಕ ಹುಡುಕ್ತೀವಿ" ಎಂದರು. ನಿಯಮ ಸರಿಯಾದದ್ದೇ. ನಾನು ಓದಿದ ಪುಸ್ತಕದಲ್ಲೂ ಹಾಗೇ ಇದೆ. ಅದಕ್ಕೇ ರಿಜಿಸ್ಟರು ಎತ್ತಿಕೊಂಡು ಹೊರಗೆ ಬಂದೆ.

ವರದಿ ಹೋಯಿತು. ಕಬ್ಬಿಣದ ಮಾತ್ರೆಯಿಂದ ವಿಶೇಷ ಪ್ರಯೋಜನವಿಲ್ಲ, ಸೂಲಗಿತ್ತಿ ದಿನಾ ಮನೆಗೆ ಹೋಗಿ ಮಾತಾಡಿಸಿದ್ದರಿಂದಲೇ ಎಲ್ಲರ ಆರೋಗ್ಯ ಸುಧಾರಿಸಿದೆ ಎಂದು ಅದರಲ್ಲಿತ್ತು. ಮೇಲಿನವರು ಅದನ್ನು ಒಪ್ಪಿ ನಮ್ಮ ಕಡೆಗೆ ಬರುತ್ತಿದ್ದ ಮಾತ್ರೆ ನಿಲ್ಲಿಸಿದರು. ಉಳಿತಾಯದ ಹುರುಪಿನಲ್ಲಿ ಮಾತಾಡಿಸುತ್ತಿದ್ದ ಅಂತರಘಟ್ಟಮ್ಮನನ್ನೂ ನಿಲ್ಲಿಸಿದರು. ಆ ಸುತ್ತೋಲೆಯನ್ನು ಟೈಪು ಮಾಡಿದವನು ನಾನೇ, ಆಗ ಕಾಯಂ ಆಗಿದ್ದೆ. ಅವಳಿಗೆ ಓದಿ ಹೇಳಿದವನೂ ನಾನೇ. ಕೇಳಿಸಿಕೊಂಡು ಅವಳು ಒಂದೇ ಮಾತು ಕೇಳಿದಳು. "ಎಲ್ರೂ ಚೆನ್ನಾಗಾದ್ರು ಅಂತ ನಿಲ್ಲಿಸಿದ್ರಾ?"

ಎಂಬತ್ತರಲ್ಲಿ ಭೀಮಕ್ಕ ಮತ್ತೆ ಬಸುರಾದಳು. ರಕ್ತ ಏಳು ಗ್ರಾಂ. ಹಳೆಯ ಹೆದರಿಕೆ ಮತ್ತೆ ಬಂದು ಕೂತಿತು. ಪ್ರಯೋಜನವಿಲ್ಲ ಎಂದು ನಾನೇ ಟೈಪು ಮಾಡಿದ ಮಾತ್ರೆಯನ್ನು ಹೊನ್ನಾಳಿಯ ಮೆಡಿಕಲ್ ಸ್ಟೋರಿನಲ್ಲಿ ಕೊಂಡು, ನೂರರ ಒಂದು ಡಬ್ಬಿಯನ್ನು ಅಂತರಘಟ್ಟಮ್ಮನ ಕೈಗೆ ಕೊಟ್ಟೆ. ಎರಡು ವಾರ ಬಿಟ್ಟು ಶನಿವಾರ ಹೋಗಿ ಅಭ್ಯಾಸದಂತೆ ಎಣಿಸಿದೆ. ಎಂಬತ್ತೆಂಟು. ಲೆಕ್ಕ ಸರಿಯಾಗಿತ್ತು. ಈ ಸಲ ಬುದ್ಧಿ ಬಂದಿತ್ತು, ತಂಗಿಯನ್ನೂ ಕೇಳಿದೆ.

"ತಪ್ಪದಂಗೆ ತಗಳ್ತಿದೀನಿ ಅಣ್ಣಾ. ಸೋಮವಾರ ನಂದು, ಮಂಗಳವಾರ ಪಕ್ಕದ ಮನೆ ಲಕ್ಷ್ಮಕ್ಕಂದು. ಅವಳಿಗೂ ಆರು ತಿಂಗಳು" ಎಂದಳು.

ನನಗೆ ಬಂದ ಸಿಟ್ಟು ಹೇಳತೀರದು. ನೆಟ್ಟಗೆ ಅಂತರಘಟ್ಟಮ್ಮನ ಬಾಗಿಲಿಗೆ ಹೋಗಿ, "ಇದು ಸರ್ಕಾರದ್ದಲ್ಲಜ್ಜಿ. ನಾನು ತಂದಿದ್ದು. ನನ್ನ ತಂಗಿಗೆ ಕೊಡು ಅಂತ ಕೊಟ್ಟಿದ್ದು. ಬೇರೆಯೋರ ಸುದ್ದಿ ನನಗೆ ಬ್ಯಾಡ" ಎಂದೆ.

ಅವಳು ಸೊಪ್ಪು ಬಿಡಿಸುತ್ತಲೇ ತಲೆ ಎತ್ತಿದಳು. "ಬಸವರಾಜಪ್ಪ ಇದೇ ಜಾಗದಾಗೆ ನಿಂತು ಇದೇ ಮಾತು ಅಂದ. ಆವತ್ತು ನೀನು ಏನೋ ಹೇಳಿ ಕಳಿಸ್ದಿ. ಏನದು, ನನಗೆ ನೆನಪಿಲ್ಲ."

ನನಗೆ ನೆನಪಿತ್ತು. ಅಷ್ಟು ನಾಚಿಕೆ ನನಗೆ ಹುಟ್ಟಿದಾಗಿನಿಂದ ಆಗಿರಲಿಲ್ಲ. ಹಳದಿ ದಾರದ್ದು ಹಿಟ್ಟು ಎಂದು ಆಗಲೇ ಗೊತ್ತಾಗಿದ್ದರೆ ನಾನು ಆ ಏಳನ್ನು ಎಂಟು ಮಾಡುತ್ತಿದ್ದೆ, ಸಂಶಯವೇ ಬೇಡ. ನನ್ನ ತಂಗಿಯ ಜೀವವನ್ನೂ ನನ್ನ ಪ್ರಾಮಾಣಿಕತೆಯನ್ನೂ ಉಳಿಸಿದ್ದು ನಿಯಮ ಮುರಿದ ಈ ಮುದುಕಿ.

ಮುಂದಿನ ಶನಿವಾರ ಇನ್ನೊಂದು ಡಬ್ಬಿ ತಂದುಕೊಟ್ಟೆ. ಅವಳು ಒಳಗಿನಿಂದ ಹಳೆಯ ದಾರ ಹುಡುಕಿ ತಂದು ಒಂದಕ್ಕೆ ನೀಲಿ, ಇನ್ನೊಂದಕ್ಕೆ ಹಳದಿ ಕಟ್ಟಿದಳು. ಎರಡರಲ್ಲೂ ಒಂದೇ ಔಷಧಿ ಇದೆ ಎಂದು ನಾನು ಎಷ್ಟು ಹೇಳಿದರೂ ನಂಬಲಿಲ್ಲ. ಸೋಮವಾರ ಇಬ್ಬರಿಗೂ ನೀಲಿ, ಮಂಗಳವಾರ ಇಬ್ಬರಿಗೂ ಹಳದಿ.

ಹೆರಿಗೆಗೆ ಮುಂಚೆ ಇಬ್ಬರ ರಕ್ತವನ್ನೂ ಅಳೆದೆ. ಇಬ್ಬರದೂ ಹತ್ತು ದಾಟಿತ್ತು. ಹಳೆಯ ರಿಜಿಸ್ಟರಿನ ಕೊನೆಯ ಪುಟದಲ್ಲಿ ಬರೆದಿಟ್ಟು ಸಹಿ ಹಾಕಿದೆ. ಇಬ್ಬರ ಲೆಕ್ಕ ಪುರಾವೆಯಾಗುವುದಿಲ್ಲ ಎಂದು ಡಾಕ್ಟರು ಹೇಳುತ್ತಿದ್ದರು, ಅದೂ ನಿಜವೇ. ಆ ವರ್ಷ ಊರಿನಲ್ಲಿ ಮಾತ್ರೆ ಸಿಗದೆ ಉಳಿದ ಬಸುರಿಯರ ರಕ್ತ ಅಳೆಯಲು ನನಗೆ ಆದೇಶವಿರಲಿಲ್ಲ.