ಕೈ ಕಾಣುವ ಹಾಗೆ

ಪೆನ್ ಡ್ರೈವ್ ಕೊಡು ಎಂದು ಅಕ್ಕ ಮೂರನೇ ಸಲ ಕೈ ಚಾಚಿದಳು. ಕಿಡಿ ಅದನ್ನು ಮುಷ್ಟಿಯೊಳಗೆ ಇನ್ನಷ್ಟು ಬಿಗಿಯಾಗಿ ಹಿಡಿದು ಕೂತಳು.

ವೇದಿಕೆಯ ಹಿಂದಿನ ತಗಡಿನ ಕೋಣೆ ಮಧ್ಯಾಹ್ನದ ಬಿಸಿಲಿಗೆ ಕಾದ ಕಾವಲಿಯಾಗಿತ್ತು. ಎರಡು ಪ್ಲಾಸ್ಟಿಕ್ ಕುರ್ಚಿ, ಗೋಡೆಗೆ ಒರಗಿಸಿಟ್ಟ ಕನ್ನಡಿ, ಐಸೆಲ್ಲ ಕರಗಿ ನೀರಾದ ಒಂದು ಬಕೆಟ್ಟು. ಹೊರಗೆ ಮೈದಾನದಲ್ಲಿ ನಲವತ್ತು ಸಾವಿರ ಜನ. ಬಾಗಿಲಿಗೆ ಅಂಟಿಸಿದ್ದ ಅವಳ ದೊಡ್ಡ ಚಿತ್ರದ ಮೂಗಿನ ಮೇಲೆ ಯಾರೋ ಪೆನ್ನಿನಲ್ಲಿ ‘ಮೋಸ’ ಎಂದು ಬರೆದು ಹೋಗಿದ್ದರು. ಅಕ್ಕ ಒದ್ದೆ ಬಟ್ಟೆಯಿಂದ ಉಜ್ಜಿ ಉಜ್ಜಿ, ಅಕ್ಷರದ ಜೊತೆಗೆ ಮೂಗನ್ನೂ ಅಳಿಸಿಹಾಕಿದ್ದಳು.

"ಇವತ್ತೊಂದಿನ ಸುಮ್ನೆ ಕೈ ಎತ್ತಿ ಇಳಿಸಿ ಬಂದ್ಬಿಡು," ಎಂದಳು ಅಕ್ಕ. "ಜನ ನಾಲ್ಕು ದಿನ ಮಾತಾಡ್ತಾರೆ, ಆಮೇಲೆ ಮರೀತಾರೆ."

"ಅವರು ಮರೀಬಹುದು. ನಾನು?"

ಅಕ್ಕ ಮುಖ ಆಚೆ ತಿರುಗಿಸಿದಳು. ತಪ್ಪಿನಲ್ಲಿ ಅವಳ ಪಾಲೂ ಇತ್ತು, ಅದಕ್ಕೇ ಅವಳ ದನಿ ಅಷ್ಟು ಜೋರಾಗಿದ್ದದ್ದು. ಕಳೆದ ತಿಂಗಳ ಕಾರ್ಯಕ್ರಮದಲ್ಲಿ ಕಿಡಿ ತಲೆ ಕುಣಿಸುತ್ತ ಹಾಡಿಗೆ ಹಾಡು ಬೆರೆಸುವ ಮಿಕ್ಸರಿನ ಗುಂಡಿಗಳನ್ನು ತಿರುಗಿಸುತ್ತಿದ್ದಾಗ ಮುಂದಿನ ಸಾಲಿನವನೊಬ್ಬ ಹತ್ತಿರದಿಂದ ವಿಡಿಯೋ ಮಾಡಿದ್ದ. ಮಿಕ್ಸರಿನಲ್ಲಿ ಒಂದೇ ಒಂದು ದೀಪ ಉರಿಯುತ್ತಿರಲಿಲ್ಲ. ಅದರ ಪ್ಲಗ್ಗು ಕಿತ್ತು ಅಕ್ಕ ತನ್ನ ಫೋನನ್ನು ಚಾರ್ಜಿಗೆ ಹಾಕಿದ್ದಳು. ಹಾಡು ಬರುತ್ತಿದ್ದದ್ದು ಮೈದಾನದ ಆ ತುದಿಯಲ್ಲಿ ಕೂತು ದೀಪ, ಪರದೆ ನೋಡಿಕೊಳ್ಳುವ ಲೈಟಣ್ಣನ ಲ್ಯಾಪ್‌ಟಾಪಿನಿಂದ. ಸತ್ತ ಯಂತ್ರದ ಮುಂದೆ ಒಂದು ಗಂಟೆ ಕುಣಿದು, ಬೆವರು ಒರೆಸಿಕೊಂಡು, ಕೈಮುಗಿದು ಬಂದಿದ್ದಳು ಮಹಾರಾಯ್ತಿ. ವಿಡಿಯೋ ನೋಡುವವರೆಗೂ ಅದು ಅವಳಿಗೆ ಗೊತ್ತೇ ಆಗಿರಲಿಲ್ಲ. ಅವಳನ್ನು ಸುಟ್ಟದ್ದು ಅದೇ.

ಒಂದು ಕಾಲದಲ್ಲಿ ಹೀಗಿರಲಿಲ್ಲ. ಸೋದರಮಾವನದು ಸ್ಪೀಕರು, ಮೈಕು ಬಾಡಿಗೆಗೆ ಕೊಡುವ ಅಂಗಡಿ. ಕಾಲೇಜಿಗೆ ಬೆನ್ನು ತಿರುಗಿಸಿ ಬಂದ ಸೊಸೆ ಮೊದಲ ದಿನವೇ ತಪ್ಪು ತಂತಿ ಜೋಡಿಸಿ ಅರ್ಧ ಬೀದಿಯ ಕರೆಂಟು ತೆಗೆದಾಗ, ಬೈಯುವುದು ಬಿಟ್ಟು ಅವಳಿಗೆ ಕಿಡಿ ಎಂದು ಹೆಸರಿಟ್ಟವನು ಅವನೇ. ಭಾನುವಾರಗಳಂದು ಅವಳನ್ನು ಹಾಡು ಹಾಕಲು ಸ್ಕೇಟಿಂಗ್ ಅಂಗಳಕ್ಕೆ ಕಳಿಸುತ್ತಿದ್ದ. ಒಂದು ಹಾಡು ಮುಗಿಯುವ ಮೊದಲೇ ಇನ್ನೊಂದನ್ನು ಅದರ ಓಟಕ್ಕೆ ಸರಿಹೊಂದಿಸಿ ಸೇರಿಸಬೇಕಿತ್ತು. ತಾಳ ತಪ್ಪಿದರೆ ಚಕ್ರದ ಮೇಲಿದ್ದವರು ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಬಿದ್ದವರ ಮೊಣಕಾಲಿಗೆ ಮುಲಾಮು ಹಚ್ಚುವ ಕೆಲಸವೂ ಅವಳದೇ ಎಂದು ಮಾವ ಕಟ್ಟಪ್ಪಣೆ ಮಾಡಿದ್ದ. ಮೂರು ತಿಂಗಳಿಗೆ ಮುಲಾಮಿನ ಖರ್ಚು ನಿಂತಿತು.

ಆಮೇಲೆ ತಾರಸಿಗಳು, ಕ್ಲಬ್ಬುಗಳು. ಅಡುಗೆಮನೆಯ ಮೇಜಿನ ಮೇಲೆ ಕೂತು ಮಾಡಿದ ಒಂದು ಹಾಡು ಕ್ಷೌರದಂಗಡಿ, ಬಸ್ಸು, ಎಲ್ಲರ ಫೋನು ಎನ್ನದೆ ನುಗ್ಗಿತು. ಅಕ್ಕ ಬ್ಯಾಂಕಿನ ಕೆಲಸ ಬಿಟ್ಟು ತಂಗಿಯ ಕಾರುಬಾರಿಗೆ ನಿಂತಳು. ಮೈದಾನಗಳು ಬಂದವು, ದೈತ್ಯ ಪರದೆಗಳು ಬಂದವು, ವೇದಿಕೆಯಿಂದ ಬೆಂಕಿ ಚಿಮ್ಮಿಸುವವರು ಬಂದರು. ಯಾವ ಸೆಕೆಂಡಿಗೆ ಯಾವ ಹಾಡು ಬರುತ್ತದೆಂದು ಮೊದಲೇ ತಿಳಿಯದಿದ್ದರೆ ಬೆಂಕಿ ಹಚ್ಚುವುದು ಹೇಗೆ ಎಂದು ಕೇಳಿದರು. ಸರಿ, ಇದೊಂದು ಸಲ ಎಂದು ಇಡೀ ಗಂಟೆಯನ್ನು ಮನೆಯಲ್ಲೇ ರೆಕಾರ್ಡ್ ಮಾಡಿ ಕೊಟ್ಟಳು. ಆ ಒಂದು ಸಲ ಎರಡು ವರ್ಷವಾಗಿತ್ತು.

"ಇವತ್ತು ಹಾಡೆಲ್ಲ ನಾನೇ ಕೈಯಾರೆ ಸೇರಿಸ್ತೀನಿ," ಎಂದಳು ಕಿಡಿ.

ಅಕ್ಕ ಒಂದೊಂದಾಗಿ ಹೇಳಿದಳು. ಬೆಂಕಿ, ಪರದೆ ಎಲ್ಲವೂ ಪೆನ್ ಡ್ರೈವಿನಲ್ಲಿರುವ ಈ ರೆಕಾರ್ಡಿಂಗಿಗೇ ಹೊಂದಿಸಿದೆ. ಇದು ಬಿಟ್ಟು ಬೇರೆ ಮಾಡಿದರೆ ಸಂಘಟಕರು ಮುಂದಿನ ಒಂಬತ್ತು ಊರುಗಳನ್ನೂ ಕೈಬಿಡುತ್ತಾರೆ. ನಿನ್ನ ಕೈಗೆ ರೂಢಿ ತಪ್ಪಿದೆ, ಎಲ್ಲರೆದುರು ಎಡವಿದರೆ ಮತ್ತೆ ಯಾರೂ ಕರೆಯುವುದಿಲ್ಲ. ಒಂದೂ ಸುಳ್ಳಲ್ಲ. ಕಿಡಿ ಎಲ್ಲಕ್ಕೂ ಹೂಂಗುಟ್ಟಿದಳು. ಆಮೇಲೆ ಎದ್ದು ಹೋಗಿ ಪೆನ್ ಡ್ರೈವನ್ನು ಬಕೆಟ್ಟಿನ ನೀರಿಗೆ ಹಾಕಿದಳು.

ಕಿವಿಗೆ ಸಿಕ್ಕಿಸಿಕೊಂಡ ಮೈಕಿನಲ್ಲಿ ಲೈಟಣ್ಣನನ್ನು ಕರೆದು, ಬೆಂಕಿ ಬೇಡ, ಚಿತ್ರ ಬೇಡ, ಕ್ಯಾಮೆರಾವನ್ನು ನನ್ನ ಕೈಮೇಲಿಟ್ಟು ದೊಡ್ಡ ಪರದೆಯಲ್ಲಿ ತೋರಿಸಿ ಎಂದಳು.

"ಬರೀ ಕೈನಾ ಮೇಡಂ?"

"ಕೈಯೇ ಅಣ್ಣ. ಏನೇ ಆದ್ರೂ ಕ್ಯಾಮೆರಾ ಅಲ್ಲಿಂದ ಸರಿಸಬೇಡಿ."

ನಾಲ್ಕು ಗಂಟೆಯ ಬಿಸಿಲಿಗೆ ಅವಳು ಬಂದು ನಿಂತಾಗ ಚಪ್ಪಾಳೆಗಿಂತ ಸಿಳ್ಳೆಯೇ ಜಾಸ್ತಿ ಇತ್ತು. "ಪ್ಲಗ್ಗು ಹಾಕಿದ್ಯಾ?" ಎಂದು ಯಾರೋ ಕೂಗಿದರು, ಮೈದಾನವೇ ನಕ್ಕಿತು. ಕಿಡಿ ಮೊದಲ ಹಾಡು ಬಿಟ್ಟಳು. ಎರಡನೆಯದನ್ನು ಹೆಡ್‌ಫೋನಿನಲ್ಲಿ ತಾನೊಬ್ಬಳೇ ಕೇಳಿಕೊಂಡು, ಓಟ ಹೊಂದಿತು ಅನ್ನಿಸಿದ ಮೇಲೆ ಒಳಗೆ ತಂದಳು.

ಹೊಂದಿರಲಿಲ್ಲ. ಎರಡು ಹಾಡಿನ ಡೋಲುಗಳು ಒಂದರ ಕಾಲನ್ನು ಇನ್ನೊಂದು ತುಳಿಯುತ್ತ ದಡಬಡ ಓಡಿದವು. ಕುಣಿಯಲು ಎತ್ತಿದ ಕಾಲುಗಳಿಗೆ ಎಲ್ಲಿ ಊರಬೇಕೋ ತಿಳಿಯಲಿಲ್ಲ. ಛೀಮಾರಿ ಎದ್ದಿತು. ನಾಚಿಕೆಯಿಂದ ಅವಳ ಮುಖ ಕಿವಿಯವರೆಗೆ ಬಿಸಿಯಾಯಿತು. ಯಂತ್ರದ ಎಡಮೂಲೆಯಲ್ಲಿ ಒಂದು ಗುಂಡಿಯಿತ್ತು. ಒತ್ತಿದರೆ ಎರಡೂ ಹಾಡನ್ನು ಅದೇ ಹೊಂದಿಸಿಕೊಡುತ್ತಿತ್ತು. ಒಂದು ಬೆರಳಿನ ಕೆಲಸ. ಅವಳು ಆ ಕಡೆ ಕೈ ಒಯ್ಯಲೇ ಇಲ್ಲ. ಎರಡೂ ಹಾಡನ್ನು ನಿಲ್ಲಿಸಿ ಮೈಕು ಹಿಡಿದಳು.

"ತಪ್ಪಾಯ್ತು. ಮೊದಲಿಂದ ಮಾಡ್ತೀನಿ. ಹೋಗೋರು ಹೋಗಬಹುದು."

ಒಂದಷ್ಟು ಜನ ಹೋದರು. ಉಳಿದವರು ಕುತ್ತಿಗೆ ಎತ್ತಿ ಪರದೆ ನೋಡುತ್ತ ನಿಂತರು. ಮೊದಲ ಹಾಡು ಮತ್ತೆ ಶುರುವಾಯಿತು. ಎರಡನೆಯದು ಮೆಲ್ಲಗೆ ಬಂದು ಇನ್ನೇನು ಜಾರುತ್ತದೆ ಎನ್ನುವಾಗ ಅವಳು ಯಂತ್ರದ ಮೇಲೆ ತಿರುಗುವ ತಟ್ಟೆಯ ಅಂಚನ್ನು ಹೆಬ್ಬೆರಳಲ್ಲಿ ಕೂದಲೆಳೆಯಷ್ಟು ನೂಕಿದಳು. ತಾಳ ಕೂತಿತು. ಮುಂದಿನ ಸಾಲುಗಳು ಕಾಲೂರಿದವು, ಅವರ ಹಿಂದೆ ಇನ್ನಷ್ಟು. ಎರಡು ವರ್ಷದಲ್ಲಿ ಮೊದಲ ಸಲ ಕಿಡಿಗೆ ಕಿವಿ ತೆರೆದಂತಾಯಿತು.

ನಾಲ್ಕನೇ ಹಾಡಿಗೆ ಅಕ್ಕ ವೇದಿಕೆಯ ಪಕ್ಕದಿಂದ ಬಗ್ಗಿಕೊಂಡು ಬಂದಳು. ಸಂಘಟಕರ ಸಂದೇಶ ಬಂದಿತ್ತು.

"ಒಂಬತ್ತೂ ಹೋಯ್ತು ಕಣೇ," ಎಂದಳು, ಕಿವಿಗೆ ಬಾಯಿಟ್ಟು.

"ಆಮೇಲೆ ಹೇಳು. ಮುಂದಿನ ಹಾಡು ಹುಡುಕ್ತಿದೀನಿ."

ಅಕ್ಕ ಹೋಗಲಿಲ್ಲ. ತಂಗಿಯ ಪಕ್ಕದಲ್ಲೇ ನಿಂತು ಪರದೆಯತ್ತ ನೋಡಿದಳು. ಅಲ್ಲಿ ಮೂವತ್ತು ಅಡಿ ಎತ್ತರದ ಹೆಬ್ಬೆರಳು ತಟ್ಟೆಯ ಅಂಚಿನ ಮೇಲೆ ಕಾಯುತ್ತಿತ್ತು. ಅದು ನಡುಗುತ್ತಿರುವುದು ಮೈದಾನದ ಕಟ್ಟಕಡೆಯವನಿಗೂ ಕಾಣುತ್ತಿತ್ತು. ಕ್ಯಾಮೆರಾ ಸ್ವಲ್ಪ ಆಚೆ ತಿರುಗಿಸಲೇ ಎಂದು ಲೈಟಣ್ಣ ಕಿವಿಯಲ್ಲಿ ಕೇಳಿದ.

ಇರಲಿ ಬಿಡಿ ಎಂದಳು ಕಿಡಿ.