ಕೈ ಕಟ್ಟಿ ಕೂರುವ ಪಾಠ

ನಿಮ್ಮ ಮನೆಯಲ್ಲಿ ಕಾಯಿಲೆಯಿಂದೆದ್ದವರ ಕೈಯಲ್ಲಿದ್ದ ಚಮಚವನ್ನು ಕಸಿದುಕೊಂಡವರು ಯಾರು? ಅತ್ತಿತ್ತ ನೋಡಬೇಡಿ, ಪ್ರಶ್ನೆ ನಿಮಗೇ. ‘ಪಾಪ, ಕೈ ನಡುಗುತ್ತದೆ, ಮೈಮೇಲೆ ಚೆಲ್ಲಿಕೊಳ್ಳುತ್ತಾರೆ’ ಎಂದು ನೀವು ತುತ್ತು ಮಾಡಿ ಬಾಯಿಗಿಟ್ಟಿರಿ. ನೋಡಿದವರು ನಿಮ್ಮನ್ನು ಪುಣ್ಯವಂತರೆಂದರು. ಕೆಲಸ ಕಳೆದುಕೊಂಡ ಆ ಕೈ ಏನಾಯಿತೆಂದು ಅವರೂ ಕೇಳಲಿಲ್ಲ, ನೀವೂ ನೋಡಲಿಲ್ಲ.

ಇಂಥ ಪುಣ್ಯವಂತರು ಇಬ್ಬರಿದ್ದ ಮನೆಯೊಂದರ ಕಥೆ ಇದು. ಆ ಮನೆಯ ಅಕ್ಕ ದರ್ಜಿ. ಬೀದಿಗೆ ಬಾಗಿಲಿದ್ದ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಹಾಕಿಕೊಂಡು ಸುತ್ತಲಿನ ನಾಲ್ಕು ಬೀದಿಗಳ ಅಂಗಿಗಳಿಗೆಲ್ಲ ಕಾಜ ಹೊಲಿದವಳು. ಗುಂಡಿ ತೂರುವ ಆ ಸಣ್ಣ ಸೀಳಿನ ಸುತ್ತ ಒತ್ತಾಗಿ ದಾರ ಕಟ್ಟುವುದರಲ್ಲಿ ಅವಳನ್ನು ಮೀರಿಸಿದವರಿರಲಿಲ್ಲ. ಲಕ್ವ ಹೊಡೆದು ಅವಳ ಬಲಗೈ ಸೋತಿತು. ಅಂದಿನಿಂದ ಬಾವ, ಎಂದರೆ ಅವಳ ಗಂಡ, ಬಸ್ಸು ಓಡಿಸುವ ಕೆಲಸದ ನಡುವೆ ಬಿಡುವು ಮಾಡಿಕೊಂಡು ಬಂದು ಉಣ್ಣಿಸಿ ಹೋಗುತ್ತಿದ್ದರು. ಜೊತೆಗಿದ್ದ ತಂಗಿ ತಲೆ ಬಾಚುತ್ತಿದ್ದಳು, ಬಟ್ಟೆ ತೊಡಿಸುತ್ತಿದ್ದಳು, ಅಕ್ಕನ ಮೂಗಿನ ಮೇಲೆ ನೊಣ ಕೂತರೆ ಅದನ್ನೂ ತಾನೇ ಓಡಿಸುತ್ತಿದ್ದಳು. ಆರು ತಿಂಗಳು ಕಳೆಯುವಷ್ಟರಲ್ಲಿ ಆ ಕೈ ಮುಷ್ಟಿ ಕಟ್ಟಿ ಎದೆಗೆ ಅಂಟಿಕೊಂಡಿತು. ಪ್ರೀತಿಯಲ್ಲಿ ಕೊರತೆಯಿತ್ತೆಂದು ಯಾರೂ ಹೇಳುವಂತಿರಲಿಲ್ಲ.

ತಂಗಿಗೆ ಅಕ್ಕ ಚಿಕ್ಕಂದಿನಲ್ಲೇ ಇಟ್ಟ ಹೆಸರು ಗಡಿಬಿಡಿ. ನಿಂತಲ್ಲಿ ನಿಲ್ಲದ, ಕೂತಲ್ಲಿ ಕೂರದ ಜೀವ. ಬೇರೆಯವರು ಚೀಲ ಎತ್ತಲು ಬಗ್ಗುವುದರೊಳಗೆ ಅದು ಇವಳ ಹೆಗಲೇರಿರುತ್ತಿತ್ತು. ಇವಳಿಗೆ ಆಕ್ಯುಪೇಶನಲ್ ಥೆರಪಿ ಸಹಾಯಕಿ ಆಗಬೇಕೆಂಬ ಹಂಬಲ ಹುಟ್ಟಿತು. ಉಣ್ಣುವುದು, ಉಡುವುದು, ದುಡಿಯುವುದು, ಇಂಥ ದಿನನಿತ್ಯದ ಕೆಲಸಗಳನ್ನು ಕೈಸೋತವರಿಗೆ ಮರಳಿ ಕಲಿಸುವ ಚಿಕಿತ್ಸೆ ಅದು. ಎರಡು ವರ್ಷದ ತರಬೇತಿ. ಕೊನೆಯ ತಿಂಗಳುಗಳು ಪೂರ್ತಿ ಆಸ್ಪತ್ರೆಯಲ್ಲೇ. ಸೇರಬೇಕಾದರೆ ಜೀವಶಾಸ್ತ್ರ ಓದಿ ಪಾಸಾಗಿರಬೇಕು, ಪ್ರಥಮ ಚಿಕಿತ್ಸೆ ಕಲಿತಿರಬೇಕು, ಒಬ್ಬರನ್ನು ಮಂಚದಿಂದ ಕುರ್ಚಿಗೆ ದಾಟಿಸುವಷ್ಟು ಮೈಯಲ್ಲಿ ಕಸುವಿರಬೇಕು. ಇವೆಲ್ಲ ಅವಳಲ್ಲಿದ್ದವು. ಉಳಿದದ್ದು ಒಂದೇ: ಚಿಕಿತ್ಸಾ ವಿಭಾಗದಲ್ಲಿ ನಲವತ್ತು ಗಂಟೆ ಕೂತು ನೋಡಿ, ಅಲ್ಲಿನ ಥೆರಪಿಸ್ಟರ ಸಹಿ ತರಬೇಕು. ಮೂವತ್ತೈದು ದಾಟಿದವರಿಗೆ ಪ್ರವೇಶವಿಲ್ಲ. ಅವಳಿಗೆ ಈ ವರ್ಷವೇ ಕೊನೆ. ತಪ್ಪಿದರೆ ಮತ್ತೆ ಬಾಗಿಲು ತೆರೆಯುವುದಿಲ್ಲ.

ಸುದ್ದಿ ಕೇಳಿ ಬಾವ ನಕ್ಕರು. “ನಲವತ್ತು ಗಂಟೆ ಸುಮ್ನೆ ಕೂತು ನೋಡೋದಾ? ನೀನು ನಲವತ್ತು ನಿಮಿಷ ಕೂತ್ರೆ ನಾನು ಬಸ್ಸನ್ನ ರಿವರ್ಸಲ್ಲೇ ಡಿಪೋಗೆ ಹೊಡೀತೀನಿ.”

ವಿಭಾಗವೆಂದರೆ ಒಂದು ಉದ್ದನೆಯ ಕೋಣೆ. ಮೇಜುಗಳ ಮೇಲೆ ಬೀಗ, ನಲ್ಲಿ, ದೀಪದ ಸ್ವಿಚ್ಚು ಜೋಡಿಸಿದ ಹಲಗೆಗಳು. ನಡುವಿನ ಮೇಜಿನಲ್ಲಿ ಗುಂಡಿ ಹಲಗೆ: ಮರದ ಚೌಕಕ್ಕೆ ಬಟ್ಟೆಯ ಎರಡು ತುಂಡು ಬಡಿದು, ಒಂದಕ್ಕೆ ಗುಂಡಿಗಳನ್ನೂ ಇನ್ನೊಂದಕ್ಕೆ ಕಾಜಗಳನ್ನೂ ಹೊಲಿದದ್ದು. ಮೂಲೆಯಲ್ಲಿ ಒಂದು ಸ್ಟೂಲು. ಗಡಿಬಿಡಿಯ ಜಾಗ ಅದೇ.

ಥೆರಪಿ ಮೇಡಂ ನಿಯಮ ಹೇಳಿದರು. “ಇಲ್ಲಿ ಕೆಲಸ ನಿಮ್ಮ ಕಣ್ಣಿಗೆ ಮಾತ್ರ. ಮುಟ್ಟೋ ಹಾಗಿಲ್ಲ, ಮಾತಾಡೋ ಹಾಗಿಲ್ಲ. ಬೀಳೋರನ್ನ ಹಿಡ್ಕೊಳ್ಳೋಕೆ ನಾನಿದ್ದೀನಿ. ದಿನದ ಕೊನೇಲಿ ಏನು ನೋಡಿದ್ರಿ ಅಂತ ಹೇಳಬೇಕು, ಅಷ್ಟೆ.”

ಮೊದಲ ದಿನದ ಕೊನೆಗೆ ಅವರು ಕೇಳಿದರು, “ಏನು ನೋಡಿದ್ರಿ?”

“ಪಾಪ ಮೇಡಂ, ಎಲ್ರೂ ತುಂಬಾ ಕಷ್ಟಪಟ್ರು.”

“ಪಾಪ ಅನ್ನೋದು ನಿಮ್ಮ ಹೊಟ್ಟೆಯೊಳಗಿನ ಸಂಕಟ. ನೋಡಿದ್ದೇನು?”

ಗಡಿಬಿಡಿ ಮರುದಿನ ಮತ್ತೆ ಅದೇ ಸ್ಟೂಲಿಗೆ ಬಂದು ಕೂತಳು.

ನೋಡುವುದಾದರೂ ಹೇಗೆ? ಗೋಡೆ ಕಟ್ಟುವಾಗ ನಿಂತಿದ್ದ ಸಾರುವೆ ಮುರಿದು ಬಿದ್ದು ಬೆರಳುಗಳ ಹಿಡಿತ ಕಳೆದುಕೊಂಡಿದ್ದ ಗಾರೆ ಕೆಲಸದವನೊಬ್ಬ ದಿನವೂ ಗುಂಡಿ ಹಲಗೆಯ ಮುಂದೆ ಬೆವರುತ್ತಿದ್ದ. ಗುಂಡಿ ಕಾಜದ ಬಾಯಿಗೆ ಬರುವುದು, ಜಾರುವುದು. ಮತ್ತೆ ಬರುವುದು, ಮತ್ತೆ ಜಾರುವುದು. ಗಡಿಬಿಡಿಯ ಬೆರಳುಗಳು ಮಡಿಲಲ್ಲೇ ಗುಂಡಿ ಹಾಕಿ ಬಿಚ್ಚಿ ಹಾಕಿ ಬಿಚ್ಚುತ್ತಿದ್ದವು. ಒಂದು ದಿನ ಮೇಡಂ ಬೇರೊಬ್ಬರತ್ತ ತಿರುಗಿದ ಗಳಿಗೆಯಲ್ಲಿ ಅವಳು ಎದ್ದಳು, ಹೋದಳು, ಗುಂಡಿಯನ್ನು ಕಾಜದೊಳಗೆ ತೂರಿಸಿಯೇ ಬಿಟ್ಟಳು. ಪುಣ್ಯ ಕಟ್ಟಿಕೊಂಡ ತೃಪ್ತಿಯಿಂದ ಅವನ ಮುಖ ನೋಡಿದಳು.

“ಯಾರಮ್ಮ ನಿನ್ನ ಕರೆದಿದ್ದು?” ಅವನ ಕಣ್ಣು ಕೆಂಪಾಗಿತ್ತು. “ಬೆಳಗಿಂದ ಇದರ ಜೊತೆ ಗುದ್ದಾಡ್ತಾ ಇದ್ದೀನಿ, ಇನ್ನೇನು ತೂರ್ತಿತ್ತು! ನಾನು ಗೋಡೆ ಎಬ್ಬಿಸಿದ್ಮೇಲೆ ಕೊನೇ ಇಟ್ಟಿಗೆ ನೀನು ಬಂದು ಇಟ್ಟು ಹೋಗ್ತೀಯಾ?”

ಮೇಡಂ ಗದರಲಿಲ್ಲ. “ಇವತ್ತಿನದು ಲೆಕ್ಕಕ್ಕಿಲ್ಲ. ಇನ್ನೊಂದು ಸಲ ಕೈ ಮುಂದೆ ಬಂದ್ರೆ ಸಹಿ ಇಲ್ಲ.”

ಇಷ್ಟು ಸಣ್ಣ ತಪ್ಪಿಗೆ ಇಷ್ಟು ದೊಡ್ಡ ಶಿಕ್ಷೆಯೇ ಎಂದು ನೀವು ಕೇಳಬಹುದು. ಒಬ್ಬ ಮನುಷ್ಯ ಬೆವರಿಳಿಸಿ ಗಳಿಸಲಿದ್ದ ಗೆಲುವನ್ನು ಅವನ ಕಣ್ಣೆದುರೇ ಎತ್ತಿಕೊಂಡು ಹೋಗುವುದು ಸಣ್ಣ ತಪ್ಪಲ್ಲ. ಕಿಸೆ ಕತ್ತರಿಸಿದವನನ್ನು ನಾವು ಕಳ್ಳನೆನ್ನುತ್ತೇವೆ, ಇದನ್ನು ಸೇವೆಯೆನ್ನುತ್ತೇವೆ.

ಮರುದಿನದಿಂದ ಗಡಿಬಿಡಿ ಎರಡೂ ಕೈಗಳನ್ನು ತೊಡೆಯ ಕೆಳಗೆ ಅದುಮಿ ಕೂತಳು. ಕೈ ಕಟ್ಟಿದರೆ ಕಾಲು ಕೇಳಬೇಕಲ್ಲ. ಅದು ನೆಲವನ್ನು ಟಪಟಪ ಕುಟ್ಟತೊಡಗಿತು. “ಮೇಡಂ, ಅವರ ಕಾಲಿಗೂ ಒಂದು ಹಲಗೆ ಕೊಡಿ,” ಎಂದ ಗಾರೆಯವ, “ನಾನು ಉಸಿರು ಬಿಗಿಹಿಡಿಯೋ ಹೊತ್ತಿಗೇ ತಾಳ ಹಾಕ್ತಾರೆ.” ಕೋಣೆಯೆಲ್ಲ ನಕ್ಕಿತು. ಅವಳೂ ನಕ್ಕಳು, ಕೈ ಮಾತ್ರ ಹೊರಗೆ ತೆಗೆಯಲಿಲ್ಲ.

ಮನೆಯಲ್ಲಿ ಈ ಪಾಠ ನಡೆಯಲಿಲ್ಲ. ಒಂದು ಸಂಜೆ ಅವಳು ಅಕ್ಕನ ಎಡಗೈಗೆ ಚಮಚ ಕೊಟ್ಟು, ತಟ್ಟೆ ಜಾರದಂತೆ ಒತ್ತಿಹಿಡಿಯಲೆಂದು ಬಲಮುಷ್ಟಿಯನ್ನು ಅದರ ಅಂಚಿಗಿಟ್ಟು ದೂರ ಸರಿದಳು. ತಟ್ಟೆ ಜಾರಿತು, ಅನ್ನವೆಲ್ಲ ಮಡಿಲಿಗೆ ಬಿತ್ತು. ಅಕ್ಕ ಅತ್ತಳು.

“ಸ್ವಂತ ಅಕ್ಕ ಕಣೇ!” ಬಾವ ಚಮಚ ಕಿತ್ತುಕೊಂಡರು. “ಹೊಟ್ಟೆ ತುಂಬ ತಿನ್ನಿಸೋದು ಬಿಟ್ಟು ಪರೀಕ್ಷೆ ಇಡ್ತೀಯಲ್ಲ, ನಿನ್ನ ಎದೇಲಿರೋದು ಕಲ್ಲಾ?”

“ಬಾವ, ಆ ಕೈಗೆ ಕೆಲಸ ಕೊಡದಿದ್ರೆ…”

“ನಾನಿರೋ ತನಕ ಅವಳ ಕೈ ಕೆಲಸ ಮಾಡ್ಬೇಕಾಗಿಲ್ಲ.”

ಎಷ್ಟು ಸುಂದರವಾದ ಮಾತು! ಎಷ್ಟು ಕ್ರೂರವಾದದ್ದು ಕೂಡ! ಅಕ್ಕ ಗಂಡನತ್ತ ತಿರುಗಿ ಮಗುವಿನಂತೆ ಬಾಯಿ ತೆರೆದಳು.

ಬಿಗಿದ ಮುಷ್ಟಿಯೊಳಗೆ ಉಗುರು ನಾಟಿ ಅಂಗೈ ಹುಣ್ಣಾದಾಗ ವೈದ್ಯರು ಅವಳನ್ನು ಅದೇ ವಿಭಾಗಕ್ಕೆ ಕಳಿಸಿದರು. ಅವಳು ಬಂದದ್ದು ಅರ್ಜಿ ಕೊಡುವ ಕಡೆಯ ದಿನದ ಹಿಂದಿನ ಬೆಳಿಗ್ಗೆ. ನಲವತ್ತು ಗಂಟೆ ತುಂಬಲು ಗಡಿಬಿಡಿಗೆ ಉಳಿದಿದ್ದುದು ಆ ಒಂದು ಬೆಳಗಿನ ಗಂಟೆಗಳಷ್ಟೆ.

“ನಿಮ್ಮ ಅಕ್ಕ ಅಂತ ಗೊತ್ತು,” ಎಂದರು ಮೇಡಂ. “ಬೇಕಾದ್ರೆ ಹೊರಗೆ ಕೂತ್ಕೊಳ್ಳಿ. ಆದ್ರೆ ಹೊರಗೆ ಕೂತ ಹೊತ್ತನ್ನ ನಾನು ಲೆಕ್ಕಕ್ಕೆ ಹಿಡಿಯೋಕಾಗಲ್ಲ.”

ಅವಳು ಸ್ಟೂಲಿನ ಮೇಲೆ ಕೂತಳು. ಬಾವ ಬಾಗಿಲಲ್ಲಿ ನಿಂತರು. ಮೇಡಂ ಗುಂಡಿ ಹಲಗೆಯನ್ನು ಅಕ್ಕನ ಮುಂದೆ ಸರಿಸಿದರು. ಅಕ್ಕ ಎಡಗೈಯಿಂದ ಒಮ್ಮೆ ಯತ್ನಿಸಿದಳು. ಸಡಿಲವಾದ ಬಟ್ಟೆ ಗುಂಡಿಯ ಜೊತೆಗೇ ಸರಿದುಹೋಯಿತು. ಇನ್ನೊಮ್ಮೆಯೂ ಹಾಗೆಯೇ.

“ಏ ಗಡಿಬಿಡಿ, ಬಾರೇ, ಹಾಕೇ ಇದನ್ನ.”

ಗಡಿಬಿಡಿ ತೊಡೆಯ ಭಾರವನ್ನೆಲ್ಲ ಕೈಗಳ ಮೇಲೆ ಹಾಕಿದಳು.

“ಕಿವಿ ಕೇಳಲ್ವೇನೇ? ನಿನಗೆ ಲಂಗ ಹೊಲಿದು ಹಾಕಿದ ಕೈ ಕಣೇ ಇದು!”

“ಎದ್ದು ಹೋಗಿ ಹಾಕಿಕೊಡೇ!” ಬಾಗಿಲಿಂದ ಬಾವನ ಗಂಟಲು. “ಒಂದು ಸೀಟಿಗೋಸ್ಕರ ಅಕ್ಕನ್ನ ಅಳಿಸ್ತೀಯಾ?”

ಗಡಿಬಿಡಿಯ ಕಣ್ಣು ಮಂಜಾಯಿತು. ಮಂಜಾದರೆ ನೋಡುವುದು ಹೇಗೆ? ಭುಜಕ್ಕೆ ಮುಖ ಒರೆಸಿಕೊಂಡು ಮತ್ತೆ ಹಲಗೆಯನ್ನು ನೋಡಿದಳು.

ಅಕ್ಕ ಸಿಟ್ಟಿನಿಂದ ಹಲಗೆಯನ್ನು ಆಚೆಗೆ ತಳ್ಳಲು ಹೋದವಳು, ತಟ್ಟನೆ ನಿಂತು, ಬಗ್ಗಿ ನೋಡಿದಳು. ಅವಳ ಹುಬ್ಬು ಗಂಟಿಕ್ಕಿತು.

“ಈ ಕಾಜ ಹೊಲಿದೋರು ಯಾರು?”

ಅವಳ ಎಡಗೈ ಬೆರಳು ಕಾಜದ ಅಂಚಿನ ಮೇಲೆ ಓಡಿತು.

“ದಾರ ಬಿಟ್ಟಿದೆ, ಅಂಚು ಕಟ್ಟಿಲ್ಲ, ಬಾಯಿ ವಾರೆ. ಇದರೊಳಗೆ ಆನೆ ಬೇಕಾದ್ರೂ ತೂರತ್ತೆ, ಗುಂಡಿ ಹೋಗಲ್ಲ. ಇಂಥದ್ದನ್ನ ಕಾಯಿಲೆಯವರ ಕೈಗೆ ಕೊಡ್ತೀರಲ್ಲ, ನಾಚಿಕೆ ಆಗಲ್ವಾ?”

ಬಯ್ಯುತ್ತ ಬಯ್ಯುತ್ತಲೇ ಅವಳು ಬಟ್ಟೆಯನ್ನು ಬಿಗಿಮಾಡಿದಳು. ಎದೆಗೆ ಅಂಟಿದ್ದ ಬಲಮುಷ್ಟಿ ಕೆಳಗಿಳಿದು ಬಟ್ಟೆಯ ಮೇಲೆ ಕೂತಿತು, ಎಡಗೈ ಕಾಜದ ಬಾಯಿಯನ್ನು ಹಿಗ್ಗಿಸಿತು, ಮುಷ್ಟಿ ಕದಲಲಿಲ್ಲ. ಗುಂಡಿ ಅರ್ಧ ತೂರಿ ನಿಂತಿತು. ಅಕ್ಕ ಮತ್ತೆ ಬೈದಳು, ಮತ್ತೆ ಅದುಮಿದಳು. ಗುಂಡಿ ದಾಟಿತು.

“ಸೂಜಿ ದಾರ ಕೊಡಿ, ಸರಿಮಾಡ್ತೀನಿ,” ಎಂದವಳಿಗೆ ಆಮೇಲೆ ತನ್ನ ಕೈ ಕಂಡಿತು.

ಎಲ್ಲರೂ ಹೊರಟ ಮೇಲೆ ಮೇಡಂ ಕೇಳಿದರು, “ಏನು ನೋಡಿದ್ರಿ?”

“ಬಲಮುಷ್ಟಿ ತಾನಾಗೇ ಬಟ್ಟೆ ಮೇಲೆ ಬಂತು. ಯಾರೂ ಇಡಲಿಲ್ಲ. ಎಡಗೈ ಎಳೀವಾಗ ಬಟ್ಟೆ ಜಾರದ ಹಾಗೆ ಒತ್ತಿ ಹಿಡೀತು.” ಗಡಿಬಿಡಿ ಇನ್ನೊಂದನ್ನು ಸೇರಿಸಿದಳು, “ಕಾಜದ ಮೇಲೆ ಸಿಟ್ಟು ಬಂದಾಗ ಬಂತು. ನನ್ನ ಮೇಲೆ ಸಿಟ್ಟು ಬಂದಾಗ ಬರಲಿಲ್ಲ.”

ಮೇಡಂ ಸಹಿ ಹಾಕಿದರು. ಮರುದಿನ ಅರ್ಜಿ ಹೋಯಿತು. ಕೆಲವು ವಾರಗಳಲ್ಲಿ ಸೀಟೂ ಸಿಕ್ಕಿತು.

ಕಥೆ ಇಲ್ಲಿಗೆ ಸುಖವಾಗಿ ಮುಗಿಯಿತೆಂದು ಎದ್ದು ಹೊರಡಬೇಡಿ. ಸೀಟು ಸಿಕ್ಕ ಸಂಜೆ ಅಕ್ಕನ ಮುಂದೆ ತಟ್ಟೆ ಬಂತು. ಬಾವ ಎಂದಿನಂತೆ ಚಮಚ ತುಂಬಿ ಎತ್ತಿದರು. ಅಕ್ಕ ಬಾಯಿ ತೆರೆಯಲಿಲ್ಲ. ಅವಳ ಮುಷ್ಟಿ ಮೆಲ್ಲಗೆ, ನಡುಗುತ್ತ, ತಟ್ಟೆಯ ಅಂಚಿನ ಕಡೆಗೆ ಹೊರಟಿತ್ತು. ಬಾವ ಅದನ್ನು ನೋಡಲಿಲ್ಲ.

“ತಣ್ಣಗಾಗತ್ತೆ, ಬಾಯಿ ತೆಗಿ.”

“ಬಾವ, ನಿಮ್ಮ ದಮ್ಮಯ್ಯ,” ಎಂದಳು ಗಡಿಬಿಡಿ, “ಒಂದು ಸಲ ಕೆಳಗಿಡಿ. ಇನ್ಮೇಲೆ ನಾನು ಹಗಲೆಲ್ಲ ತರಗತೀಲಿರ್ತೀನಿ.”

ಚಮಚ ಗಾಳಿಯಲ್ಲೇ ನಿಂತಿತು. ಪ್ರೀತಿಸುವ ಕೈಗೆ ಹಿಂದಕ್ಕೆ ಸರಿಯುವಷ್ಟು ಕಷ್ಟದ ಕೆಲಸ ಬೇರೊಂದಿಲ್ಲ. ಅದನ್ನು ಕಲಿಯಲು ಆ ಹೆಣ್ಣು ನಲವತ್ತು ಗಂಟೆ ತನ್ನ ಕೈಗಳ ಮೇಲೆಯೇ ಕೂತಳು. ಬಾವನಿಗೆ ಯಾರೂ ಸ್ಟೂಲು ಹಾಕಿ ಕಲಿಸಿರಲಿಲ್ಲ. ನಿಮಗೂ ಕಲಿಸಿಲ್ಲ. ಆದ್ದರಿಂದ ಅವಳು ಬಾವನನ್ನು ಬೇಡಿಕೊಂಡದ್ದನ್ನೇ ನಾನು ನಿಮ್ಮನ್ನು ಬೇಡಿಕೊಳ್ಳುತ್ತೇನೆ. ಇಂದು ಊಟದ ಹೊತ್ತಿಗೆ ನಿಮ್ಮ ಮನೆಯವರ ಕೈಗೇ ಚಮಚ ಕೊಡಿ. ಚೆಲ್ಲಿದರೆ ಚೆಲ್ಲಲಿ, ಒರೆಸುವ ಬಟ್ಟೆ ಪಕ್ಕದಲ್ಲಿಟ್ಟುಕೊಳ್ಳಿ. ದಯವಿಟ್ಟು ನಿಮ್ಮ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಎದುರಿಗೆ ಕೂತು ನೋಡಿ.