ಕರಿಯನಿಗೆ ತಗುಲಿದ ಕಣ್ಣು

ಮೋಟೆಬೆನ್ನೂರಿನ ದೇವವ್ವನ ನಾಯಿ ಕರಿಯ ಊಟ ಬಿಟ್ಟು ಮಲಗಿದ್ದ. ಮೈ ಕೆಂಡದಂತೆ ಸುಡುತ್ತಿತ್ತು. ಕಣದಲ್ಲಿ ಒಣಹಾಕಿದ ಮೆಣಸಿನಕಾಯಿ ಕಾಯುವವನು ಅವನೇ. ಗಂಡ ತೀರಿದ ಮೇಲೆ ಆ ಮನೆಯಲ್ಲಿ ದೇವವ್ವನ ಮಾತು ಕೇಳುವ ಜೀವವೂ ಅವನೊಬ್ಬನೇ.

ಪಕ್ಕದ ಮನೆಯ ನಿರ್ಮಲಾಳ ನಾಯಿಗೂ ಹಿಂದಿನ ವಾರ ಹೀಗೇ ಜ್ವರ ಬಂದಿತ್ತು. ಈಗ ಅದು ಬಾಲ ಎತ್ತಿಕೊಂಡು ಓಣಿ ತುಂಬ ಓಡಾಡುತ್ತಿತ್ತು. ಅದನ್ನು ಕಂಡಾಗಲೆಲ್ಲ ದೇವವ್ವನ ಹೊಟ್ಟೆ ಧಗಧಗ ಉರಿಯುತ್ತಿತ್ತು. ಅವಳದು ಎದ್ದಿತು, ನನ್ನದು ಬಿದ್ದಿತು ಎಂದರೆ ಇದು ಅವಳ ಕಣ್ಣೇ ಎಂದು ತೀರ್ಮಾನಿಸಿಬಿಟ್ಟಳು.

ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಘಾಟು ಬಾರದಿದ್ದರೆ ದೃಷ್ಟಿ ತಾಗಿದೆ ಎಂದು ನಂಬಿಕೆ. ಅವಳು ಹಾಕಿದ್ದು ಬ್ಯಾಡಗಿ ಕಾಯಿ, ಬಣ್ಣ ಜಾಸ್ತಿ, ಖಾರ ಕಡಿಮೆ. ಘಾಟು ಎಲ್ಲಿಂದ ಬರಬೇಕು? ದೇವವ್ವ ಕೆಮ್ಮಲೂ ಇಲ್ಲ. ಸೀದಾ ನಿರ್ಮಲಾಳ ಬಾಗಿಲಿಗೆ ಹೋದಳು.

"ನಿನ್ನ ನಾಯಿಗೆ ಕೊಟ್ಟು ಉಳದ ಗುಳಿಗಿ ಕೊಡು. ನಂದು ಸತ್ರ ನಿನಗ ಸಮಾಧಾನ ಆಕ್ಕೈತೇನು?"

ನಿರ್ಮಲಾಳ ಮುಖ ಸಣ್ಣದಾಯಿತು. "ಗುಳಿಗಿ ಕೊಡಾಕ ನನಗೇನೂ ಅಡ್ಡಿ ಇಲ್ಲ ದೇವಕ್ಕ. ಆದ್ರ ಅದು ನಮ್ಮ ನಾಯಿ ರಕ್ತ ತಪಾಸ ಮಾಡಿ ಕೊಟ್ಟದ್ದು. ನಿಮ್ಮ ಕರಿಯಂದು ಯಾವ ಜಡ್ಡೋ ಏನೋ."

"ಜ್ವರ ಅಂದ್ರ ಜ್ವರ. ಅದರಾಗ ನಿಂದ ಬ್ಯಾರೆ, ನಂದ ಬ್ಯಾರೆ ಇರ್ತೈತೇನು?"

"ಇರ್ತೈತಿ. ಉಣ್ಣಿ ಕಡದ್ರ ಕಣ್ಣಿಗೆ ಕಾಣದ ಹುಳ ರಕ್ತದಾಗ ಸೇರ್ತಾವು. ಒಂದೊಂದಕ್ಕ ಒಂದೊಂದು ಔಷಧ. ಅವನ ಉಚ್ಚಿ ನೋಡೀರೇನು?"

ನೋಡಿದ್ದಳು. ಹಾಲು ಹಾಕದ ಚಹಾದಂತೆ ಕೆಂಪಗಿತ್ತು. ದೇವವ್ವನಿಗೆ ಆಗ ನಿಜವಾಗಿಯೂ ಹೆದರಿಕೆಯಾಯಿತು.

ಇಬ್ಬರೂ ಟಂಟಂ ಆಟೊದಲ್ಲಿ ಕರಿಯನನ್ನು ಬ್ಯಾಡಗಿಯ ಪಶು ಆಸ್ಪತ್ರೆಗೆ ಒಯ್ದರು. ವೈದ್ಯೆ ಶಾಹೀನ್ ಅವನ ತುಟಿ ಎತ್ತಿ ನೋಡಿದರು, ಒಸಡು ಬಿಳಿಚಿಕೊಂಡಿತ್ತು. ಕಿವಿಯಂಚಿನಿಂದ ಹನಿ ರಕ್ತ ತೆಗೆದು, ಗಾಜಿನ ಮೇಲೆ ಸವರಿ, ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರು.

"ಹುಳ ಅದಾವ್ರಿ. ನಿರ್ಮಲಾ ಅವರ ನಾಯಿದು ಬ್ಯಾರೆ ಹುಳ ಇತ್ತು. ಆ ಗುಳಿಗಿ ಇದಕ್ಕ ಉಪಯೋಗ ಆಗ್ತಿದ್ದಿಲ್ಲ. ಇನ್ನೂ ತಡ ಮಾಡಿದ್ರ ಉಳಸೋದು ಕಷ್ಟ ಇತ್ತು."

ದೇವವ್ವ ನಿರ್ಮಲಾಳ ಮುಖ ನೋಡಲಾರದೆ ನೆಲ ನೋಡಿದಳು.

ಔಷಧ ನಾಟಿತು, ಕರಿಯ ಎದ್ದ. ಎದ್ದವನು ಮೊದಲು ಹೋದದ್ದು ನಿರ್ಮಲಾಳ ಬಾಗಿಲಿಗೆ. ಅವಳ ಕೈಯಿಂದ ರೊಟ್ಟಿ ತಿಂದ. ದೇವವ್ವನಿಗೆ ಮತ್ತೆ ಹೊಟ್ಟೆ ಉರಿಯಿತು.

ಓದುವ ಅಕ್ಕ-ಅಣ್ಣಂದಿರೇ, ಹೊಟ್ಟೆಕಿಚ್ಚು ಪಡುವುದಿದ್ದರೆ ಪಡಿರಿ, ನಾವು ಅಡ್ಡ ಬರುವುದಿಲ್ಲ. ಆದರೆ ನಾಯಿ ಊಟ ಬಿಟ್ಟರೆ, ಮೈ ಸುಟ್ಟರೆ, ಉಚ್ಚೆ ಕೆಂಪಾದರೆ ಅಂದೇ ಪಶು ಆಸ್ಪತ್ರೆಗೆ ಒಯ್ದು ರಕ್ತ ಪರೀಕ್ಷೆ ಮಾಡಿಸಿರಿ. ಮೈಮೇಲಿನ ಉಣ್ಣಿಗೆ ವೈದ್ಯರು ಹೇಳಿದ ಔಷಧ ಹಾಕಿರಿ. ನೆರೆಮನೆಯಿಂದ ಗುಳಿಗೆ ತರಬೇಡಿರಿ. ನೆರೆಮನೆಯವರನ್ನೇ ಜೊತೆಗೆ ಕರೆದುಕೊಂಡು ಹೋಗಿರಿ.